ಇಂಗ್ಗೀ ಎನ್ನುವ ಕಿವಿಗಳು

ನನ್ನ ಅಣ್ಣನ ಮಗಳು ವೆನಿಂಗ್‌ಗೆ ಕೋಪ ಜಾಸ್ತಿ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಆ ಕುಲುಮೆಯನ್ನೇ ಕಿತ್ತು ಹೊಳೆಗೆ ಎಸೆಯುತ್ತಿದ್ದೆ. ಸೊಲೊ ಪಟ್ಟಣದ ಈಚೆಗಿರುವ ನಮ್ಮೂರಿನ ಗಂಡಸರು ತಲೆಮಾರುಗಳಿಂದ ಕಂಚು ಬಡಿದು ಜಾಗಟೆ ಮಾಡುತ್ತಾರೆ. ಐವತ್ತು ತುಂಬುವಷ್ಟರಲ್ಲಿ ಕಿವಿ ಕಳೆದುಕೊಳ್ಳುತ್ತಾರೆ. ಕಳೆದುಕೊಂಡಿದ್ದೇವೆ ಎಂದು ಮಾತ್ರ ಸತ್ತರೂ ಒಪ್ಪುವುದಿಲ್ಲ. ಕುಲುಮೆಯ ಪಕ್ಕದಲ್ಲೇ ನನ್ನ ಚಹಾದಂಗಡಿ. ಕರಿದ ಟೆಂಪೆ ಕೊಡಲಾ ಎಂದು ಕೇಳಿದರೆ ‘ಹೂಂ, ಮನೇಲಿ ಎಲ್ರೂ ಆರಾಮ’ ಎನ್ನುತ್ತಾರೆ.

ಅಣ್ಣ ರೆಸೊ ಕುಲುಮೆಗೆ ಹಿರಿಯ. ದೊಡ್ಡ ಜಾಗಟೆಗೆ ಶ್ರುತಿ ಕೂರಿಸುವವನು ಅವನೇ. ವೆನಿಂಗ್ ಚಿಕ್ಕವಳಿದ್ದಾಗ ಏನಾದರೂ ಹೇಳಬೇಕಿದ್ದರೆ ಅವನ ಅಂಗಿ ಜಗ್ಗುತ್ತಿದ್ದಳು. ಕೂಗಿ ಪ್ರಯೋಜನವಿರಲಿಲ್ಲ.

“ಜಾಗಟೆ ಕೇಳಿಸುತ್ತಲ್ಲ, ನಾನ್ಯಾಕೆ ಕಿವುಡ?” ಎನ್ನುತ್ತಿದ್ದ ಅಣ್ಣ. “ಈ ಹೆಂಗಸರೇ ಈಗೀಗ ಬಾಯೊಳಗೆ ಗೊಣಗೋದು ಕಲಿತಿದಾರೆ.”

ಆ ಮಾತೇ ಅವಳ ತಲೆಯಲ್ಲಿ ಕೂತುಬಿಟ್ಟಿತು. ವಿಶ್ವವಿದ್ಯಾಲಯಕ್ಕೆ ಹೋಗಿ ಡಾಕ್ಟರಾದಳು, ಒಳಗಿವಿಯನ್ನೇ ಓದಿದಳು, ಅದರ ಮೇಲೇ ಸಂಶೋಧನೆಗೆ ಕೂತಳು. ಒಂದು ದಿನ ಅಂಗಡಿಯಲ್ಲಿ ಅತ್ತೆಯಾದ ನನಗೆ ಬಿಡಿಸಿ ಹೇಳಿದಳು.

“ಬೂಲಿಕ್, ಕಿವಿ ಒಳಗೆ ಬಸವನಹುಳದ ಚಿಪ್ಪಿನಂಥದ್ದು ಒಂದಿದೆ. ಅದರ ತುಂಬ ಕೂದಲಿನಂಥ ಎಳೆಗಳು. ಸುತ್ತಿಗೆ ಏಟಿಗೆ ಚೂಪು ದನಿ ಹಿಡಿಯೋ ಎಳೆಗಳು ಮೊದಲು ಸಾಯ್ತವೆ. ಸತ್ತರೆ ಸತ್ತವೇ, ಮತ್ತೆ ಹುಟ್ಟಲ್ಲ. ದಪ್ಪ ದನಿಯವು ಉಳ್ಕೊಳ್ತವೆ. ಅದಕ್ಕೇ ಬಾಪಕ್‌ಗೆ ಜಾಗಟೆ ಕೇಳಿಸುತ್ತೆ, ನಾನು ಕರೆದದ್ದು ಕೇಳಿಸಲ್ಲ.”

ಅಪ್ಪನ ಕಿವಿಯಂತೂ ಹೋಯಿತು. ಅವಳ ಜೀವವೆಲ್ಲ ತಮ್ಮ ಸಪ್ತೊನ ಮೇಲಿತ್ತು. ಹೋದ ವರ್ಷವಷ್ಟೇ ಸುತ್ತಿಗೆ ಹಿಡಿದವನು, ಇನ್ನೂ ಗುಬ್ಬಚ್ಚಿಯ ಸದ್ದಿಗೂ ತಿರುಗಿ ನೋಡುವವನು. ಅವಳು ತಂದುಕೊಟ್ಟ ಕಿವಿಮುಚ್ಚಳವನ್ನು ಅವನು ಮೊಳೆಗೆ ನೇತುಹಾಕಿದ. “ಬಾಪಕ್ ಹಾಕ್ಕೊಳ್ಳಲ್ಲ. ನಾನು ಹಾಕ್ಕೊಂಡ್ರೆ ಅವರಿಗೇ ಬುದ್ಧಿ ಹೇಳಿದಂಗಾಗಲ್ವಾ ಅಕ್ಕಾ?” ಎಂದ. ಮರ್ಯಾದಸ್ಥ!

ಎಲ್ಲರ ಕಿವಿಯನ್ನೂ ಅಳೆದು ಕಣ್ಣಿಗೆ ತೋರಿಸಿದರೆ ಒಪ್ಪಿಯಾರು ಎಂದು ವೆನಿಂಗ್ ಯಂತ್ರ ಹೊತ್ತು ತಂದಳು. ದನಿ ಕೇಳಿಸಿದಾಗ ಗುಂಡಿ ಒತ್ತಬೇಕು, ಅಷ್ಟೇ. ಒಬ್ಬೊಬ್ಬರಾಗಿ ಬಂದು ಕೂತರು, ಒತ್ತಿದರು. ಯಂತ್ರದ ಪ್ರಕಾರ ನಮ್ಮೂರಿನ ಮುದುಕರದ್ದೆಲ್ಲ ಹಸುಗೂಸಿನ ಕಿವಿ! ಅವಳ ಹುಬ್ಬು ಗಂಟಾಯಿತು. ಕೊನೆಗೆ ಅಣ್ಣ ಕೂತಾಗ ಯಂತ್ರದ ದನಿಯನ್ನೇ ನಿಲ್ಲಿಸಿಬಿಟ್ಟಳು. ಅವನು ಮಗಳ ಮುಖ ನೋಡಿಕೊಂಡು, ನಗುನಗುತ್ತಾ, ಒತ್ತುತ್ತಲೇ ಇದ್ದ.

ಇದು ನಮ್ಮವರ ರೋಗ. ಮರ್ಯಾದೆಯ ಮಾತಿನಲ್ಲಿ ಹೌದು ಎನ್ನುವುದಕ್ಕೆ ನಾವು ‘ಇಂಗ್ಗೀ’ ಎನ್ನುತ್ತೇವೆ. ಗೊತ್ತಿದ್ದರೂ ಇಂಗ್ಗೀ, ಗೊತ್ತಿಲ್ಲದಿದ್ದರೂ ಇಂಗ್ಗೀ, ಮನಸ್ಸಿಲ್ಲದಿದ್ದರೂ ಇಂಗ್ಗೀ. ಕೇಳಿದವರ ಮನಸ್ಸು ನೋಯಬಾರದಲ್ಲ! ಥೂ.

“ಕೇಳಿಸದೇ ಇದ್ರೂ ಯಾಕೆ ಒತ್ತಿದ್ರಿ?” ಎಂದು ವೆನಿಂಗ್ ಕಿರುಚಿದಳು.

ಸುತ್ತಿಗೆಯವರಲ್ಲಿ ಹಳಬನಾದ ಪಾರ್ನೊ ಅವಳ ತುಟಿ ನೋಡಿ ಅರ್ಥಮಾಡಿಕೊಂಡು ಹೇಳಿದ: “ಅಷ್ಟು ದೂರದಿಂದ ಹೊತ್ಕೊಂಡು ಬಂದಿದೀಯ ಮಗಳೇ, ಒತ್ತದೆ ಇರೋಕಾಗುತ್ತಾ?”

“ನಿಮ್ಮ ಉಪಕಾರಕ್ಕಿಷ್ಟು ಬೆಂಕಿ ಹಾಕ! ಇದನ್ನೇ ಬರೆದರೆ, ಕಂಚು ಬಡಿಯೋರ ಕಿವಿಗೆ ಏನೂ ಆಗಲ್ಲ ಅಂತ ನಾನೇ ಸುಳ್ಳು ಸಾರಿದಂಗೆ. ಸಪ್ತೊನ ಕಿವಿ ಹೋದರೆ ಯಾರು ತಂದ್ಕೊಡ್ತೀರಾ?”

ಎಲ್ಲರೂ ಕೋಲೆಬಸವನ ಹಾಗೆ ತಲೆಯಾಡಿಸಿದರು. “ಇಂಗ್ಗೀ, ಇಂಗ್ಗೀ.”

ಆಗ ಅವಳು ಅಪ್ಪನ ಬೆನ್ನ ಹಿಂದೆ ಹೋಗಿ ನಿಂತಳು. ನಮ್ಮಲ್ಲಿ ಹೆತ್ತವರ ಹತ್ತಿರ ಮರ್ಯಾದೆಯ ಮೇಲ್ಮಾತನ್ನೇ ಆಡಬೇಕು. ಕೆಳಮಾತು ಓರಗೆಯವರಿಗೆ, ನಾಯಿಬೆಕ್ಕಿಗೆ. ಅಪ್ಪನಿಗೆ ಆ ಮಾತಾಡಿದ ಮಗಳನ್ನು ಊರು ಕ್ಷಮಿಸುವುದಿಲ್ಲ. ವೆನಿಂಗ್ ಎಲ್ಲರೆದುರು ಅದೇ ಕೆಳಮಾತಿನಲ್ಲಿ, ಗಂಟಲು ಹರಿಯುವ ಹಾಗೆ ಕೂಗಿದಳು:

“ಲೋ ರೆಸೊ! ಕಿವುಡ ಕಣೋ ನೀನು! ನಿನ್ನ ಮರ್ಯಾದೆಗೆ ನಿನ್ನ ಮಗನ ಕಿವೀನೂ ಬಲಿ ಕೊಡ್ತಿದೀಯಲ್ಲೋ, ಕೇಳಿಸ್ತೇನೋ?”

ಎದುರಿಗೇ ಕೂತಿದ್ದ, ತುಟಿ ಓದಿ ಪಳಗಿದವರ ಕಣ್ಣಿಗೆ ಒಂದು ಅಕ್ಷರವೂ ತಪ್ಪಲಿಲ್ಲ. ಪಾರ್ನೊನ ಕೈಯಿಂದ ಚಹಾದ ಲೋಟ ಜಾರಿತು. ಎಲ್ಲರೂ ತನ್ನ ಹಿಂದಕ್ಕೇ ನೋಡುತ್ತಿರುವುದನ್ನು ಕಂಡು ಅಣ್ಣ ತಿರುಗಿದ. ಮಗಳ ಬಾಯಿ ಆಗತಾನೇ ಮುಚ್ಚಿತ್ತು. ಅವಳು ಡಾಕ್ಟರಾದ ಮೇಲೆ, ಹೆಮ್ಮೆಗೆ, ಅವಳಿಗೂ ಅವನು ಮೇಲ್ಮಾತನ್ನೇ ಆಡುತ್ತಿದ್ದ. ತಲೆ ಬಾಗಿಸಿ ನಕ್ಕು ಅಂದ:

“ಇಂಗ್ಗೀ, ಡಾಕ್ಟರಮ್ಮಾ. ಚೆನ್ನಾಗಿ ಕೇಳಿಸ್ತು.”

ಸಪ್ತೊ ಎದ್ದುಹೋಗಿ ಮೊಳೆಯಿಂದ ಕಿವಿಮುಚ್ಚಳ ತೆಗೆದು ಹಾಕಿಕೊಂಡ. ವೆನಿಂಗ್ ಅಪ್ಪನ ಮಂಡಿಗೆ ಮುಖ ಒತ್ತಿ ಬಿಕ್ಕುತ್ತಿದ್ದಳು. ಅಣ್ಣ ಅವಳ ತಲೆ ನೇವರಿಸುತ್ತಾ, ಗಾಬರಿಯಿಂದ ನನ್ನ ಕಡೆ ನೋಡಿದ.

“ಯಾಕೆ ಅಳ್ತಿದಾಳೆ? ನಾನು ಸರಿಯಾಗೇ ಒತ್ತಿದೆನಲ್ಲ?”