ನುಗ್ಗೇಹಳ್ಳಿ ಬೀಗರಿಗೆ ಹೇಳಿದ ಪದ

ನೀಲಕ್ಕನ ಬಾಯಲ್ಲಿ ಬೈಯಿಸಿಕೊಳ್ಳದೆ ನಮ್ಮ ಬೀದಿಯಿಂದ ಹೆಣ್ಣು ಕರೆದುಕೊಂಡು ಹೋದ ಬೀಗರು ಒಂದು ಕಾಲದಲ್ಲಿ ಇರಲಿಲ್ಲ. ಚನ್ನರಾಯಪಟ್ಟಣದ ನಮ್ಮ ಬೀದಿಯಲ್ಲಿ ನೀಲಕ್ಕನಂಥ ಲಿಂಗಾಯತರ ಮನೆಗಳೂ ಇವೆ, ನಮ್ಮಂಥ ಗೌಡರ ಮನೆಗಳೂ ಇವೆ. ಯಾರ ಮನೆಯಲ್ಲಿ ಮದುವೆ ಗೊತ್ತಾದರೂ ಛತ್ರ ಬುಕ್ ಮಾಡಿದ ಮೇಲೆ ಮೊದಲು ಹೋಗುತ್ತಿದ್ದುದು ನೀಲಕ್ಕನ ಮನೆಗೆ. ಪೂರ್ತಿ ಹೆಸರು ನೀಲಾಂಬಿಕೆ. ಹಾಗೆ ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ.

ನಾನು ಸ್ನೇಹಲತಾ, ಎದುರು ಮನೆಯವಳು, ಬ್ಲೌಸ್ ಹೊಲಿಯುತ್ತೇನೆ. ನೀಲಕ್ಕ ಪದವನ್ನು ಮುಂದೆ ಹೇಳುತ್ತಿದ್ದಳು, ನಾವು ನಾಲ್ಕೈದು ಹೆಂಗಸರು ಹಿಂದೆ ಹೇಳುತ್ತಿದ್ದೆವು. ದೇವರನಾಮ ಹೇಳುವವರು ಬೇರೆ ಇದ್ದರು. ನಮ್ಮದು ಬೀಗರ ಪದ. ಗಂಡಿನ ಕಡೆಯವರು ಛತ್ರದ ಬಾಗಿಲಿಗೆ ಬಂದು ನಿಂತಾಗ ಅವರ ಹೊಟ್ಟೆ, ಮೀಸೆ, ಜಿಪುಣತನ, ಊಟಕ್ಕೆ ಕೂರುವ ಆತುರ ಎಲ್ಲವನ್ನೂ ಹಾಡಿನಲ್ಲಿ ಆಡಿಕೊಳ್ಳುವುದು. ಅವರೂ ಸುಮ್ಮನಿರಬಾರದು, ನಮ್ಮನ್ನು ಹಾಡಿನಲ್ಲೇ ಬೈಯಬೇಕು. ಯಾರೂ ಸಿಟ್ಟಾಗುವಂತಿಲ್ಲ. ಬೈಯಿಸಿಕೊಂಡವರೇ ಹೆಚ್ಚು ನಗಬೇಕು. ಮುಖ ಪರಿಚಯವೂ ಇಲ್ಲದ ಎರಡು ಮನೆಯವರು ಬಾಗಿಲಲ್ಲಿ ಒಂದಿಷ್ಟು ಹೊತ್ತು ನಕ್ಕುಬಿಟ್ಟರೆ ಒಳಗೆ ಬರುವಾಗ ನೆಂಟರಾಗಿರುತ್ತಾರೆ. ಈಗಿನವರು ಇದಕ್ಕೆ ಹೊಗೆ ಬಿಡುವ ಮಿಷಿನ್ನು, ಬಣ್ಣದ ಪಟಾಕಿ ಎಲ್ಲಾ ತರಿಸುತ್ತಾರೆ. ಆದರೂ ಆ ಕಡೆಯವರು ಒಂದು ಮೂಲೆ, ಈ ಕಡೆಯವರು ಒಂದು ಮೂಲೆ ಕೂತು ಮೊಬೈಲ್ ನೋಡುತ್ತಿರುತ್ತಾರೆ.

ಹಳೇಕೋಟೆಯಿಂದ ಬಂದ ಒಂದು ದಿಬ್ಬಣದಲ್ಲಿ ಗಂಡಿನ ಸೋದರಮಾವನಿಗೆ ನಿಜವಾಗಿಯೇ ಸಿಟ್ಟು ಬಂತು. ನೀಲಕ್ಕ ಅವನ ಬೊಕ್ಕತಲೆಯ ಮೇಲೆ ಪದ ಕಟ್ಟಿದ್ದಳು. ಆಸಾಮಿ ದುಮುದುಮು ಅನ್ನುತ್ತಾ ಹೋಗಿ ಬಸ್ಸಿನಲ್ಲಿ ಕೂತುಬಿಟ್ಟ. ಹಿರಿಯರೆಲ್ಲ ಕೈಮುಗಿದರೂ ಇಳಿಯಲಿಲ್ಲ. ನೀಲಕ್ಕ ನಮ್ಮನ್ನೆಲ್ಲ ಕರೆದುಕೊಂಡು ಬಸ್ಸು ಹತ್ತಿ, ಅವನ ಹಿಂದಿನ ಸೀಟಿನಲ್ಲಿ ಕೂತು, ಅದೇ ತಲೆಯ ಮೇಲೆ ಇನ್ನೆರಡು ಪದ ಹೇಳಿದಳು. ಎರಡನೆಯದು ಮುಗಿಯುವಷ್ಟರಲ್ಲಿ ಅವನ ಭುಜ ಕುಲುಕುವುದು ಕಾಣಿಸಿತು. ನಗುತ್ತಿದ್ದ. ಇಳಿದು ಬಂದವನು ನೀಲಕ್ಕನ ಮೂಗಿನ ಮೇಲೆ ತಾನೇ ಒಂದು ಪದ ಕಟ್ಟಿ ಹೇಳಿದ, ತಾಳ ಮೇಳ ಒಂದೂ ಇಲ್ಲದೆ. ಆವತ್ತು ನಕ್ಕು ನಕ್ಕು ನನಗೆ ಪಕ್ಕೆ ಹಿಡಿದುಕೊಂಡಿತ್ತು.

ಇಷ್ಟು ಬಾಯಿಯ ಹೆಂಡತಿಗೆ ಗಂಡ ಮಾತ್ರ ಮೂಕಬಸವ. ಹೆಸರೂ ಬಸವೇಶ. ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ನೀಲಕ್ಕ ಹಾಡುವ ಮದುವೆಗೆಲ್ಲ ಬಂದು, ಗಂಡಸರ ಜೊತೆ ಕೂರದೆ, ಹೆಂಗಸರ ಹಿಂದೆ ಕಂಬಕ್ಕೆ ಒರಗಿ ನಿಂತು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ನಾವು ರೇಗಿಸಿದರೆ ಕಿವಿ ಕೆಂಪಗೆ ಮಾಡಿಕೊಂಡು ಸುಮ್ಮನಾಗುತ್ತಿದ್ದರು. ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಊಟ ಮಾಡಿ ಎದ್ದವರು ಎದೆ ಹಿಡಿದುಕೊಂಡರು. ಹಾಸನ ಮುಟ್ಟುವ ಮೊದಲೇ ಹೋಗಿಬಿಟ್ಟರು.

ಆಮೇಲೆ ನೀಲಕ್ಕನಿಗೆ ಹಾಡಬೇಡ ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಲಗ್ನಪತ್ರಿಕೆ ಬರುತ್ತಿತ್ತು, ಅರಿಸಿನ ಕುಂಕುಮದ ತಟ್ಟೆಯನ್ನು ಮಾತ್ರ ಬಾಗಿಲ ಆಚೆಗೇ ಹಿಡಿದುಕೊಂಡು ನಿಲ್ಲುತ್ತಿದ್ದರು. "ಊಟಕ್ಕೆ ಖಂಡಿತಾ ಬರ್ಬೇಕು ನೀಲಕ್ಕ" ಅನ್ನುತ್ತಿದ್ದರು. ಊಟಕ್ಕಂತೆ! ಬೂವನಹಳ್ಳಿಯ ಒಂದು ಮದುವೆಯಲ್ಲಿ ಅವಳು ಎಂದಿನ ಹಾಗೆ ಬಾಗಿಲ ಕಡೆ ಹೊರಟಾಗ ಹೆಣ್ಣಿನ ತಾಯಿ ಮೆಲ್ಲಗೆ ಅವಳ ಕೈ ಹಿಡಿದು, "ಸುಸ್ತಾಗಿರ್ತೀರ, ಕೂತ್ಕಳಿ ನೀಲಕ್ಕ, ಫ್ಯಾನ್ ಹಾಕಿಸ್ತೀನಿ" ಎಂದಳು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತೆಗೆದಿಟ್ಟರು. ಲಿಂಗಾಯತರಲ್ಲಿ ಮುತ್ತೈದೆ, ವಿಧವೆ ಎಂಬ ಭೇದವೇ ಇಲ್ಲ ಎಂದು ಭಾಷಣ ಮಾಡುತ್ತಾರೆ, ನಮ್ಮ ಗೌಡರಲ್ಲಿ ಭಾಷಣವೂ ಇಲ್ಲ. ಮಾಡುವುದು ಇಬ್ಬರೂ ಒಂದೇ. ನೀಲಕ್ಕ ಆ ಫ್ಯಾನಿನ ಕೆಳಗೆ ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದುದನ್ನು ನಾನು ನೋಡಿದೆ.

ಮನೆಗೆ ವಾಪಸು ಬರುವಾಗ ಬಸ್ಸಿನಲ್ಲಿ ಹೇಳಿದಳು: "ಓಗ್ಲಿ ಬುಡು ಸ್ನೇಹಾ. ಅವ್ರ ಮನೆ, ಅವ್ರ ಶಾಸ್ತ್ರ. ನಮ್ಮನೇಲೂ ಒಂದು ಮದ್ವೆ ಐತಲ್ಲ. ಅಲ್ಲಿ ನನ್ನ ತಡೆಯೋರು ಯಾರು?"

ಅವಳಿಗಿದ್ದದ್ದು ಒಬ್ಬಳೇ ಮಗಳು, ತೇಜಶ್ರೀ. ಹಾಸನದಲ್ಲಿ ಲ್ಯಾಬ್ ಟೆಕ್ನೀಷಿಯನ್ ಆಗಿದ್ದಳು, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದಳು. ಹೋದ ವರ್ಷ ಅರಕಲಗೂಡಿನ ಚಂದ್ರಮೌಳಿ ಎಂಬ ಹುಡುಗನ ಜೊತೆ ಮದುವೆ ಗೊತ್ತಾಯಿತು. ಹೈಸ್ಕೂಲು ಮೇಷ್ಟ್ರು, ಒಳ್ಳೆಯ ಹುಡುಗ. ಧಾರೆಗೆ ಯಾರು ನಿಲ್ಲಬೇಕು ಎಂಬ ಮಾತು ಬಂದಾಗ ಬಸವೇಶಣ್ಣನ ಅಣ್ಣ ಪಂಚಾಕ್ಷರಯ್ಯನವರು ಗಂಟಲು ಸರಿಮಾಡಿಕೊಂಡರು. ಅವರು ಬಾಯಿ ತೆಗೆಯುವ ಮೊದಲೇ ನೀಲಕ್ಕ ಅಂದಳು: "ನೀವೂ ಅಕ್ಕನೂ ನಿಂತ್ಕಳಿ ಭಾವ. ಧಾರೆ ನೀವು ಎರೀರಿ, ಆರತಿ ಅಕ್ಕ ಬೆಳಗ್ಲಿ. ನಾನು ಯಾವುದಕ್ಕೂ ಬರಾಕಿಲ್ಲ. ಬೀಗರ ಪದ ಒಂದು ಮಾತ್ರ ನಂದು."

ಪಂಚಾಕ್ಷರಯ್ಯ ಹೆಂಡತಿಯ ಮುಖ ನೋಡಿದರು. ಹೆಂಡತಿ ತೇಜಶ್ರೀಯ ಮುಖ ನೋಡಿದಳು. ತೇಜಶ್ರೀ ಎದ್ದು ಬಂದು ಅಮ್ಮನ ಕುತ್ತಿಗೆ ತಬ್ಬಿಕೊಂಡಳು. "ನಿನ್ನ ಪದ ಇಲ್ದೆ ನನ್ ಮದ್ವೆ ಆಗುತ್ತೇನಮ್ಮಾ? ಅದನ್ನ ನನಗೆ ಬಿಡು."

ಅಲ್ಲಿಂದ ಮೂರು ತಿಂಗಳು ನೀಲಕ್ಕನ ಕಾಲು ನೆಲದ ಮೇಲೆ ಇರಲಿಲ್ಲ. ಬೀಗರನ್ನು ಎರಡೇ ಸಲ ನೋಡಿದ್ದರೂ ಅವರನ್ನು ಅಳೆದು ಇಟ್ಟುಕೊಂಡಿದ್ದಳು. ಗಂಡಿನ ತಂದೆ ಪರಮಶಿವಯ್ಯನವರು ಮೀಸೆಗೆ ಬಣ್ಣ ಹಚ್ಚುತ್ತಾರೆ, ತಾಯಿ ರೇವಮ್ಮ ಪರ್ಸನ್ನು ಕಂಕುಳಿನಿಂದ ಕೆಳಗಿಳಿಸುವುದಿಲ್ಲ. ಅಷ್ಟು ಸಾಕು. ರೊಟ್ಟಿ ತಟ್ಟುತ್ತಾ ಒಂದು ಸಾಲು, ಬಟ್ಟೆ ಹಿಂಡುತ್ತಾ ಒಂದು ಸಾಲು. ಕಟ್ಟಿದ್ದನ್ನು ನನ್ನ ಹೊಲಿಗೆ ಮಿಷಿನ್ನಿನ ಪಕ್ಕ ಬಂದು ನಿಂತು ಹೇಳುತ್ತಿದ್ದಳು.

ಅರಕಲಗೂಡಿನ ಬೀಗರ ಮೀಸೆಗೆ
ಮಸಿಯ ಬಳಿದೋರು ಯಾರವ್ವಾ
ಮೀಸೆ ಕಪ್ಪಾದರೂ ಹುಬ್ಬು ಬೆಳ್ಳಗೈತೆ
ಬೀಗಿತ್ತಿ, ಕನ್ನಡಿ ತೋರವ್ವಾ

"ಹೌದೇನ್ರವ್ವಾ ಹೌದೌದು" ಎಂದು ನಾನು ಹಿಂದೆ ಹೇಳಬೇಕು. ಎರಡು ವರ್ಷದಿಂದ ಹಾಡದ ಗಂಟಲು ಮೊದಲು ಸ್ವಲ್ಪ ಕರಕರ ಅನ್ನುತ್ತಿತ್ತು. ದಿನಾ ಬೆಳಿಗ್ಗೆ ಬಿಸಿನೀರಿಗೆ ಮೆಣಸು ಹಾಕಿಕೊಂಡು ಕುಡಿದು ಸರಿಮಾಡಿಕೊಂಡಳು. ಒಂದು ದಿನ ಕೇಳಿದಳು: "ರೇವಮ್ಮ ತಿರುಗಿಸಿ ಹೇಳ್ತಾರಾ ಸ್ನೇಹಾ? ಹೇಳ್ಬೇಕು ಕಣೆ. ಅವ್ರು ಹೇಳ್ದಿದ್ರೆ ನಂದು ಬರೀ ಬೈಗುಳ ಆಗ್ಬುಡ್ತದೆ." ಅವಳ ಚಿಂತೆಯೆಲ್ಲ ಅಷ್ಟೇ. ತಾನು ಹಾಡುವುದರ ಬಗ್ಗೆ ಅವಳಿಗೆ ಒಂದು ಕೂದಲೆಳೆಯಷ್ಟೂ ಅನುಮಾನವಿರಲಿಲ್ಲ.

ಎರಡು ಊರಿಗೂ ಅನುಕೂಲವೆಂದು ಹೊಳೆನರಸೀಪುರದಲ್ಲಿ ಛತ್ರ ಹಿಡಿದಿದ್ದರು. ವರಪೂಜೆಯ ಸಂಜೆ ದಿಬ್ಬಣದ ಬಸ್ಸು ಬಂತು. ನಾವೆಲ್ಲ ಬಾಗಿಲಿಗೆ ಹೋದೆವು. ಪಂಚಾಕ್ಷರಯ್ಯನವರ ಹೆಂಡತಿ ಆರತಿ ತಟ್ಟೆ ಹಿಡಿದಿದ್ದಳು. ನೀಲಕ್ಕ ನಾನು ಹೊಲಿದುಕೊಟ್ಟ ಹಸಿರು ಬ್ಲೌಸು ತೊಟ್ಟಿದ್ದಳು. ಆರತಿ ಮುಗಿಯುವವರೆಗೆ ಹಿಂದೆಯೇ ನಿಂತಿದ್ದು, ಮುಗಿದದ್ದೇ ನನ್ನ ಕೈ ಹಿಡಿದುಕೊಂಡು ಮುಂದೆ ಹೊರಟಳು. ಕೈ ಬಿಸಿಯಾಗಿತ್ತು. ಪರಮಶಿವಯ್ಯನವರ ಮೀಸೆ ನೋಡಿ ನನ್ನ ಕಡೆ ಕಣ್ಣು ಮಿಟುಕಿಸಿದಳು. ಉಸಿರು ಎಳೆದುಕೊಂಡಳು.

ಅಷ್ಟರಲ್ಲಿ ತಲೆಯ ಮೇಲೆ ಕಟ್ಟಿದ್ದ ಸೌಂಡ್ ಬಾಕ್ಸಿನಿಂದ ನೀಲಕ್ಕನ ದನಿಯೇ ಹೊರಟಿತು.

ನುಗ್ಗೇಹಳ್ಳಿ ಬೀಗರು ಬಂದಾರೆ ನೋಡಿರೆ
ನಡೆಯಲಾರರು ನಾಕು ಹೆಜ್ಜೆ
ಹೋಳಿಗೆ ಘಮಲು ಮೂಗಿಗೆ ಬಡಿದಾರೆ
ಕುದುರೆಗೂ ಇಲ್ಲ ಆ ಹೆಜ್ಜೆ

ಬಸವೇಶಣ್ಣ ಯಾವುದೋ ಮದುವೆಯಲ್ಲಿ ರೆಕಾರ್ಡ್ ಮಾಡಿಕೊಂಡದ್ದು. ಎಂಟು ಹತ್ತು ವರ್ಷದ ಹಿಂದಿನ ದನಿ, ತುಂಬಿದ ದನಿ. ಹಿಂದೆ "ಹೌದೇನ್ರವ್ವಾ ಹೌದೌದು" ಅನ್ನುವುದರಲ್ಲಿ ನನ್ನದೂ ಇತ್ತು. ನೀಲಕ್ಕ ಎತ್ತಿದ ಕಾಲು ಹಾಗೇ ಇಟ್ಟುಕೊಂಡು ಮೇಲೆ ನೋಡಿದಳು. ಏನೋ ತಪ್ಪಾಗಿದೆ, ಯಾರೋ ಗೊತ್ತಿಲ್ಲದೆ ಹಾಕಿದ್ದಾರೆ ಎಂದುಕೊಂಡಳು ಅಂತ ಕಾಣುತ್ತದೆ. ಸೌಂಡ್‌ನ ಅನಿಲ್‌ಕುಮಾರನಿಗೆ ನಿಲ್ಲಿಸು ಎಂದು ಕೈಮಾಡಿದಳು. ಅವನು ನಗುತ್ತಾ ಹೆಬ್ಬೆರಳು ತೋರಿಸಿ ಸೌಂಡ್ ಇನ್ನೂ ಜಾಸ್ತಿ ಮಾಡಿದ. ಹೆಂಗಸರೆಲ್ಲ ಚಪ್ಪಾಳೆ ತಟ್ಟುತ್ತಾ ಬಾಕ್ಸಿಗೆ ಮುಖಮಾಡಿ ಹೌದೌದು ಎಂದು ಹಿಂದೆ ಹೇಳತೊಡಗಿದರು. ಪಂಚಾಕ್ಷರಯ್ಯನವರ ಹೆಂಡತಿ ನೀಲಕ್ಕನ ತೋಳು ಮುಟ್ಟಿ, "ತೇಜೂದೇ ಐಡಿಯಾ ಕಣಮ್ಮ. ಚೆನ್ನಾಗೈತಲ್ಲ? ನೀನು ಅಡಿಗೆಯೋರನ್ನ ಒಂಚೂರು ನೋಡ್ಕೋ ಓಗು" ಎಂದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಅರಕಲಗೂಡಿನವರನ್ನು ನುಗ್ಗೇಹಳ್ಳಿಯವರು ಎಂದು ಬೈಯುತ್ತಾ ಇದೆ ಆ ಡಬ್ಬ, ಯಾರಿಗೂ ಅದರ ಪರಿವೆ ಇಲ್ಲ. ರೇವಮ್ಮ ಪಾಪ ಹಳೆಯ ಕಾಲದವರು, ಪದ ಮುಗಿಯಿತೆಂದು ತಿಳಿದು ಪರ್ಸನ್ನು ಕಂಕುಳಿಗೆ ಒತ್ತಿಕೊಂಡು ತಿರುಗಿಸಿ ಹೇಳಲು ಶುರುಮಾಡಿದರು. "ಪಟ್ಟಣದ ಬೀಗಿತ್ತಿ..." ಎಂದು ಒಂದು ಸಾಲು ಎತ್ತಿದರೋ ಇಲ್ಲವೋ, ಬಾಕ್ಸು ಮುಂದಿನ ಪದ ಹಿಡಿಯಿತು. ಅದು ಯಾರಿಗೆ ಕಾಯುತ್ತದೆ? ರೇವಮ್ಮ ನಗುತ್ತಾ ಬಾಯಿ ಮುಚ್ಚಿಕೊಂಡರು. ನೀಲಕ್ಕ ಮಾತ್ರ ಅವರನ್ನು ನೋಡುತ್ತಿದ್ದಳು. ಆ ಅರ್ಧ ಸಾಲಿಗೆ ಉತ್ತರ ಅವಳ ನಾಲಿಗೆ ತುದಿಗೆ ಬಂದದ್ದು ನನಗೆ ಅವಳ ತುಟಿಯಲ್ಲೇ ಕಂಡಿತು. ತುಟಿ ಕಚ್ಚಿಕೊಂಡು ಅಡಿಗೆಮನೆಯ ಕಡೆ ಹೋದಳು. ನಾನೂ ಹಿಂದೆಯೇ ಹೋದೆ.

ಅಡಿಗೆಮನೆಯ ಬಾಗಿಲಲ್ಲಿ ನಾವಿಬ್ಬರೂ ನಿಂತಿದ್ದಾಗ ಪದಗಳು ಮುಗಿದವು. ರೆಕಾರ್ಡ್ ಮಾತ್ರ ಓಡುತ್ತಲೇ ಇತ್ತು. ಆವತ್ತಿನ ಮದುವೆಯ ಗದ್ದಲ, ಯಾರದೋ ನಗು, ಅದರ ನಡುವೆ ಫೋನಿನ ಹತ್ತಿರದಿಂದ ಬಸವೇಶಣ್ಣನ ದನಿ: "ಇನ್ನೊಂದು ಹೇಳು ನೀಲಾ. ಚೆನ್ನಾಗಿ ಬತ್ತಾ ಐತೆ."

ಎಲ್ಲರೂ ಬಾಕ್ಸಿನ ಕಡೆ ತಿರುಗಿದರು. "ಯಾರದು?" ಎಂದು ರೇವಮ್ಮ ಕೇಳಿದ್ದು ನಮಗೂ ಕೇಳಿಸಿತು. ಯಾರೋ ಹೇಳಿದರು, ಹೆಣ್ಣಿನ ತಂದೆ ಅಂತ. ರೇವಮ್ಮ ಸೆರಗು ಕಣ್ಣಿಗೆ ಒತ್ತಿಕೊಂಡರು. "ಎಂಥಾ ಪುಣ್ಯಾತ್ಮ! ಮಗಳ ಮದ್ವೆಗೆ ಬಂದ್ಬುಟ್ರು ನೋಡಿ" ಎಂದರು. ಪಂಚಾಕ್ಷರಯ್ಯನವರು ಗೊಳೋ ಎಂದು ಅತ್ತರು. ಎಲ್ಲರೂ ಅತ್ತರು, ಅತ್ತು ಒಬ್ಬರನ್ನೊಬ್ಬರು ತಬ್ಬಿಕೊಂಡರು, ಆಮೇಲೆ ನಕ್ಕರು. ಎರಡು ಮನೆಯವರು ಅಲ್ಲಿಗೆ ಒಂದಾಗಿ ಹೋದರು. ಸತ್ತವರು ಬಂದರೆಂದು ಅಷ್ಟು ಜನ ಅತ್ತರಲ್ಲ, ಅವರಲ್ಲಿ ಒಬ್ಬರಾದರೂ ತಲೆ ತಿರುಗಿಸಿ ಅಡಿಗೆಮನೆಯ ಬಾಗಿಲ ಕಡೆ ನೋಡಲಿಲ್ಲ. ನೀಲಕ್ಕ ಅಳಲಿಲ್ಲ. ಅಡಿಗೆಯವನು ಬಂದು, "ಅಮ್ಮ, ಪಲ್ಯಕ್ಕೆ ಕಾಯಿ ಸಾಲ್ತಾ ಇಲ್ಲ" ಎಂದ. ಉಗ್ರಾಣದ ಬೀಗದ ಕೈ ಸೊಂಟದಿಂದ ಬಿಚ್ಚಿ ಅವನಿಗೆ ಕೊಟ್ಟಳು.

"ಬನ್ನಿ ನೀಲಕ್ಕ" ಎಂದೆ ನಾನು. "ಈಗ್ಲೇ ಹೋಗಿ ಹೇಳೋಣ. ಮೀಸೆ ಪದ ಹೇಳಿ. ನಾನಿದ್ದೀನಿ ಹಿಂದೆ."

"ಬ್ಯಾಡ ಕಣೆ" ಎಂದಳು. "ಕೂಸು ಹೆದ್ರಿಕೊಂಡದೆ."

ಕೂಸು ಅಂದದ್ದು ಮಗಳನ್ನು. ನನಗೆ ಆಗ ಅರ್ಥವಾಯಿತು, ಅವಳಿಗೆ ಆಗಲೇ ಎಲ್ಲ ಅರ್ಥವಾಗಿತ್ತು.

ಮಾರನೆಯ ದಿನ ಧಾರೆಗೆ ಹೋಗುವ ಮೊದಲು ತೇಜಶ್ರೀ ಹೆಣ್ಣಿನ ಕೋಣೆಗೆ ಅಮ್ಮನನ್ನು ಕರೆಸಿಕೊಂಡಳು. ಸೀರೆಯ ನೆರಿಗೆ ಸರಿಮಾಡುತ್ತಾ ನಾನು ಅಲ್ಲೇ ಮಂಡಿಯೂರಿ ಕೂತಿದ್ದೆ. ಹುಡುಗಿಯ ಮುಖದಲ್ಲಿ ಬಣ್ಣದ ಕೆಳಗೆ ಅಳು ಇತ್ತು.

"ಅಮ್ಮಾ, ಸಿಟ್ಟಾ? ದೊಡ್ಡಮ್ಮ ತುಂಬಾ ಹೇಳಿದ್ರಮ್ಮ. ನಾಳೆ ನನಗೇನಾದ್ರೂ ಹೆಚ್ಚುಕಮ್ಮಿ ಆದ್ರೆ ಜನ ನಿನ್ನನ್ನೇ ಅಂತಾರೆ ಅಂದ್ರು. ನನಗೂ ಭಯ ಆಯ್ತು. ಅದಕ್ಕೇ ಅದನ್ನ ಹಾಕಿಸ್ದೆ. ಅದು ಅಪ್ಪ ಇದ್ದಾಗ ಹಾಡಿದ್ದಲ್ವಾ, ಯಾರೂ ಏನೂ ಅನ್ನೋ ಹಾಗಿಲ್ಲ. ಪದ ನಿಂದೇ ಅಲ್ವೇನಮ್ಮಾ?" ಎಂದಳು. ಆಮೇಲೆ ಕೇಳಿದಳು: "ಕೇಳಿಸ್ಕೊಂಡ್ಯಾ? ಚೆನ್ನಾಗಿತ್ತಾ?"

ನೀಲಕ್ಕ ಮಗಳನ್ನು ಮುಟ್ಟಲು ಕೈ ಎತ್ತಿದವಳು, ತಲೆಯ ತುಂಬ ಮುಡಿಸಿದ್ದ ಹೂವು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡಳು.

"ಚೆನ್ನಾಗಿತ್ತು ಮಗಾ" ಎಂದಳು. "ಬದುಕಿದ್ದಾಗ ಎಷ್ಟು ಚೆನ್ನಾಗಿ ಹಾಡ್ತಿದ್ಲು ಅವಳು."

ತೇಜಶ್ರೀ "ಅಮ್ಮಾ" ಎಂದಳು. ಹೊರಗೆ ಓಲಗ ಶುರುವಾಯಿತು. ಹೆಣ್ಣನ್ನು ಕರೆದುಕೊಂಡು ಬನ್ನಿ ಎಂದು ಪುರೋಹಿತರು ಕೂಗಿದರು. ದೊಡ್ಡಮ್ಮ ಬಂದು ಹುಡುಗಿಯ ಕೈ ಹಿಡಿದಳು. ಅವರು ದಾಟಿ ಹೋಗಲೆಂದು ನೀಲಕ್ಕ ಎದುರಿಗೆ ಬಾರದ ಹಾಗೆ ಬಾಗಿಲ ಹಿಂದಕ್ಕೆ ಸರಿದು ನಿಂತಳು.