ಕೂದಲೆಳೆ ಅಕ್ಕನ ಮೊಳೆ

ಸಾಣೆ ಅಂಗಡಿಯ ಒಡತಿಗೆ ಬೀದಿಯವರಿಟ್ಟ ಹೆಸರು ಕೂದಲೆಳೆ ಅಕ್ಕ. ಕತ್ತರಿಯಾಗಲಿ, ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡಾಗಲಿ, ಕೂದಲೆಳೆಯಷ್ಟು ವ್ಯತ್ಯಾಸ ಉಳಿಸಿ ಕೊಟ್ಟವಳಲ್ಲ. ಅವಳಪ್ಪ ಬ್ಲೇಡಿನ ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿ, ಯಾವ ತುದಿ ಕೆಳಗಿಳಿಯುತ್ತದೆಂದು ನೋಡಿ, ಅಲ್ಲಿ ನಾಲ್ಕು ಸಲ ಅರ ಎಳೆದು ಸವೆಸಿ ಮುಗಿಸುತ್ತಿದ್ದ. ಮಗಳಿಗೆ ಅಷ್ಟು ಸಾಲಲಿಲ್ಲ. ಸೂಜಿಮೊನೆಯ ಮೇಲೆ ಬ್ಲೇಡು ಕೂರಿಸಿ ಎರಡೂ ತುದಿಯ ತೂಕ ಸಮವಿದೆಯೇ ಎಂದು ನೋಡುವ ಉಪಕರಣ ತರಿಸಿದಳು. ಅಂದಿನಿಂದ ಇಪ್ಪತ್ತಾರು ವರ್ಷ, ಒಂದೊಂದು ಬ್ಲೇಡಿಗೆ ಅರ್ಧ ದಿನ. ಗಂಡ ಊಟಕ್ಕೆ ಕರೆದರೆ "ಬಂದೆ" ಎನ್ನುವಳು, ಬರುವಳಲ್ಲ.

ಒಂದು ಬೆಳಿಗ್ಗೆ ಆಟದ ಮೈದಾನದ ಮೇಸ್ತ್ರಿ ಹನ್ನೆರಡು ಬ್ಲೇಡು ತಂದು ಮೇಜಿನ ಮೇಲೆ ಸುರಿದ.

"ನಾಳೆ ಬೆಳಿಗ್ಗೆಗೆ ಎಲ್ಲಾ ಬೇಕು ಅಕ್ಕ. ಆಗಲ್ಲ ಅಂದ್ರೆ ಈಗ್ಲೇ ಹೇಳಿ. ಸೇತುವೆ ಹತ್ರ ಒಬ್ಬ ಇದಾನೆ, ತೂಕಗೀಕ ನೋಡಲ್ಲ, ಉಜ್ಜಿ ಬಿಸಾಕ್ತಾನೆ."

"ಬಿಸಾಕ್ತಾನೆ ಅಂತ ನಿಮ್ಮ ಬಾಯಲ್ಲೇ ಬಂತಲ್ಲ!"

"ಹುಲ್ಲೇನು ತೂಕ ಕೇಳುತ್ತಾ?" ಎಂದು ನಕ್ಕು ಅವನು ಹೋದ.

ಮೈದಾನ ಕೈಬಿಟ್ಟರೆ ಅಂಗಡಿಯ ಅರ್ಧ ಕೆಲಸ ಹೋದಂತೆ. ತೂಕ ನೋಡದೆ ಕೊಟ್ಟರೆ ಯಂತ್ರ ಅದುರಿ ಬೇರಿಂಗು ಹೋಗುತ್ತದೆ, ತಳ್ಳುವವರ ಕೈ ಮರಗಟ್ಟುತ್ತದೆ. ಹಾಗಾದರೆ ಎಷ್ಟು ನೋಡಿದರೆ ಸಾಕು? ಈ ಪ್ರಶ್ನೆಯನ್ನು ತಾನು ಒಮ್ಮೆಯೂ ಕೇಳಿಕೊಂಡಿಲ್ಲವೆಂದು ಹೊಳೆದದ್ದೇ, ಅಕ್ಕನ ಮೈಯಲ್ಲಿ ಮಿಂಚು ಹರಿಯಿತು.

"ರೀ, ನಿಮ್ಮ ಲೋಟ ಕೊಡಿ!"

"ಟೀ ಇದೆ ಕಣೇ."

"ಕುಡಿದು ಕೊಡಿ, ಬೇಗ!"

ಹಿತ್ತಲಿನ ಹಳೆಯ ಯಂತ್ರಕ್ಕೆ ತೂಕ ನೋಡದ ಬ್ಲೇಡು ಹಾಕಿ, ಮೇಲೆ ನೀರು ತುಂಬಿದ ಲೋಟವಿಟ್ಟು ಚಾಲೂ ಮಾಡಿದಳು. ಲೋಟ ಕುಣಿಯುತ್ತ ಹೋಗಿ ನೆಲಕ್ಕೆ ಬಿತ್ತು. ಲೋಟ ಮತ್ತೆ ತುಂಬಿಸಿ, ಮೊಳೆಯಲ್ಲಿ ತೂಗಿ ಸಮ ಮಾಡಿದ ಬ್ಲೇಡು ಹಾಕಿದಳು. ನೀರು ಬರೀ ನಡುಗಿತು. ಸೂಜಿಯ ಮೇಲೆ ತೂಗಿದ್ದನ್ನು ಹಾಕಿದಳು. ಅದೇ ನಡುಕ!

ಅವಳು ನಂಬಲಿಲ್ಲ. ಗಂಡನನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ, ಆರು ಸಲ ಬ್ಲೇಡು ಬದಲಿಸಿ, ಪ್ರತಿ ಸಲವೂ ಅವನನ್ನು ಈಚೆ ತಿರುಗಿಸಿ ನೀರು ತೋರಿಸಿ ಕೇಳಿದಳು. "ಈಗ ಯಾವುದು, ಮೊಳೆಯದಾ, ಸೂಜಿಯದಾ?"

ಮೂರು ಸಲ ಅವನು ತಪ್ಪು ಹೇಳಿದ. "ಎರಡೂ ಒಂದೇ ಕಣೇ! ಇಪ್ಪತ್ತಾರು ವರ್ಷ ನಾನು ತಣ್ಣಗಿನ ಊಟ ಮಾಡಿದ್ದು ಇದಕ್ಕಾ?"

ನಾಚಬೇಕಾದವಳು ಚಪ್ಪಾಳೆ ತಟ್ಟಿದಳು. "ಅಪ್ಪನ ಮೊಳೆನೇ ಸಾಕಿತ್ತು ರೀ! ಸಾಕೇ ಸಾಕಿತ್ತು!"

ಸಂಜೆಯೊಳಗೆ ಹನ್ನೆರಡೂ ಮುಗಿದವು. ಒಮ್ಮೆ ಸಿಕ್ಕಿಸಿ ನೋಡುವುದು, ಬ್ಲೇಡನ್ನು ಮಗುಚಿ ಮತ್ತೆ ನೋಡುವುದು; ಎರಡು ಸಲವೂ ಅದೇ ತುದಿ ಇಳಿದರೆ ಅಲ್ಲಿ ಅರ ಎಳೆಯುವುದು. ಅಪ್ಪನ ಕ್ರಮವೇ.

ಮರುದಿನ ಮೇಸ್ತ್ರಿ ಎಲ್ಲವನ್ನೂ ಕೇಳಿ ಬೀಗಿದ. "ನೋಡಿದ್ರಾ ಅಕ್ಕ, ತೂಕ ಬೇಡ ಅಂತ ನಾನು ಹೇಳ್ಲಿಲ್ವಾ?"

"ಬೇಡ ಅಂದೋರು ಯಾರು? ಇಲ್ಲಿ ನಿಂತ್ಕೊಳ್ಳಿ." ತೂಕ ನೋಡದ ಬ್ಲೇಡು ಹಾಕಿ, ನೀರಿನ ಲೋಟ ಮೇಲಿಟ್ಟು ಯಂತ್ರ ಚಾಲೂ ಮಾಡಿದಳು. ಲೋಟದ ನೀರೆಲ್ಲ ಮೇಸ್ತ್ರಿಯ ಅಂಗಿಯ ಮೇಲಾಯಿತು.

"ಮೊಳೆ ಬೇಕು. ಸೂಜಿ ಬೇಡ. ಗೊತ್ತಾಯ್ತಾ?"

"ಗೊತ್ತಾಯ್ತು ತಾಯಿ," ಎಂದು ಅವನು ಅಂಗಿ ಹಿಂಡಿಕೊಂಡ. "ಸೇತುವೆಯವನ ಸಹವಾಸ ಬೇಡ. ಮುಂದಿನ ತಿಂಗಳೂ ಇಲ್ಲಿಗೇ ತರ್ತೀನಿ."

ಮಧ್ಯಾಹ್ನ ಗಂಡ ಕರೆದದ್ದೇ ಅಕ್ಕ ಊಟಕ್ಕೆ ಬಂದು ಕುಳಿತಳು. ತಟ್ಟೆಯಿಂದ ಹಬೆ ಏಳುತ್ತಿತ್ತು. ಎರಡು ತುತ್ತು ತಿಂದವಳ ಕೈ ಥಟ್ಟನೆ ನಿಂತಿತು.

"ರೀ, ಕತ್ತರಿಗೂ ಇದೇ ಕಥೆ ಇರಬಹುದಾ?"

ಅವಳು ಅಂಗಡಿ ತಲುಪುವಷ್ಟರಲ್ಲಿ ಗಂಡ ತಟ್ಟೆಯ ಮೇಲೆ ಮುಚ್ಚಳ ಇಟ್ಟಿದ್ದ.