ಕುಕ್ಕರ್ ಸೀಟಿಯ ಡಾಕ್ಟರು

ಲಾಕ್‌ಡೌನಿನಲ್ಲಿ ಕೆಲವರು ಕಷಾಯ ಕುದಿಸುವುದನ್ನು ಕಲಿತರು, ಕೆಲವರು ಮನೆಯಲ್ಲೇ ಗಂಡನ ಕೂದಲು ಕತ್ತರಿಸುವುದನ್ನು ಕಲಿತರು. ನಾನು ಊರ ಮಂದಿಯನ್ನೆಲ್ಲ ತಿದ್ದುವುದನ್ನು ಕಲಿತೆ. ಕಲಿತೆ ಎನ್ನುವುದೂ ಪೂರ್ತಿ ಸರಿಯಲ್ಲ. ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ವಿಜ್ಞಾನ ಹೇಳಿಕೊಟ್ಟವಳಿಗೆ ಆ ಚಟ ಮೊದಲೇ ಇತ್ತು. ಶಾಲೆ ಮುಚ್ಚಿ ಕೆಂಪು ಪೆನ್ನಿಗೆ ಕೆಲಸವಿಲ್ಲದಾದಾಗ ಅದು ಫೋನಿಗೆ ಇಳಿಯಿತು, ಅಷ್ಟೆ.

ನಮ್ಮ ಮನೆ ಕಲಬುರಗಿಯಲ್ಲಿ, ಕುಸನೂರಿನ ಕಡೆ. ಬೆಳಿಗ್ಗೆ ಎರಡು ತಾಸು ಫೋನಿನಲ್ಲೇ ಪಾಠ. ಅದರಲ್ಲಿ ಅರ್ಧ ಹೊತ್ತು 'ಟೀಚರ್, ಕೇಳಸವಲ್ದ್ರಿ' ಎನ್ನುವ ದನಿಗಳಿಗೇ ಹೋಗುತ್ತಿತ್ತು. ಅದು ಮುಗಿದ ಮೇಲೆ ನನ್ನ ನಿಜವಾದ ಕ್ಲಾಸು ಶುರು. ನಮ್ಮ ಬಳಗದ್ದೊಂದು ಗ್ರೂಪು ಇತ್ತು. ಅದರಲ್ಲಿ ಮುಂಜಾನೆ ಗುಲಾಬಿ ಹೂವಿನ ಶುಭೋದಯ, ಮಧ್ಯಾಹ್ನ ಬೆಳ್ಳುಳ್ಳಿಯ ಮಹಿಮೆ, ಸಂಜೆಯ ಹೊತ್ತಿಗೆ ಪ್ರಳಯ. ಯಾರು ಏನು ಹಾಕಿದರೂ ನಾನು ಬಿಡುತ್ತಿರಲಿಲ್ಲ. ಎಲ್ಲಿ ಓದಿದಿರಿ, ಯಾವ ಡಾಕ್ಟರು ಹೇಳಿದರು, ಆಧಾರ ತೋರಿಸಿ ಎಂದು ಬೆನ್ನು ಹತ್ತುತ್ತಿದ್ದೆ. ನನ್ನನ್ನು ಎತ್ತಿ ಆಡಿಸಿದ ಸೋದರಮಾವ ಒಬ್ಬರು, ಅರಿಷಿಣದ ಹಬೆಯ ಬಗ್ಗೆ ನನ್ನಿಂದ ಪಾಠ ಹೇಳಿಸಿಕೊಂಡ ಮರುದಿನವೇ ಗ್ರೂಪು ಬಿಟ್ಟು ಹೋದರು. ಅದನ್ನು ವಿಜ್ಞಾನದ ಗೆಲುವೆಂದು ಬಗೆದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

"ಸಾಲಿ ಮುಚ್ಚಿ ಹುಡುಗೂರು ಬಚಾವಾದ್ವು, ಬಳಗದವ್ರು ಸಿಕ್ಕೊಂಡ್ರು ನೋಡು," ಎಂದರು ನನ್ನ ಗಂಡ. ಅವರಿಗೂ ಒಂದು ಲಿಂಕು ಕಳಿಸಿದೆ.

ವಯಸ್ಸಾದವರಿಗೆ ಲಸಿಕೆ ಕೊಡಲು ಶುರುಮಾಡಿದ ಹೊಸತರಲ್ಲಿ ನನ್ನ ಫೋನಿಗೆ ಒಂದು ಆಡಿಯೋ ಬಂತು. ತನ್ನನ್ನು ತಾನೇ ದೊಡ್ಡ ಡಾಕ್ಟರೆಂದು ಕರೆದುಕೊಂಡ ಗಂಡಸಿನ ದನಿ. ಹೆಸರಿಲ್ಲ, ಊರಿಲ್ಲ, ಆಸ್ಪತ್ರೆಯ ಸುದ್ದಿಯಿಲ್ಲ. ಸಕ್ಕರೆ ಕಾಯಿಲೆಯವರು ಈ ಸೂಜಿ ಹಾಕಿಸಿಕೊಂಡರೆ ರಕ್ತ ಮೊಸರಿನ ಹಾಗೆ ಹೆಪ್ಪುಗಟ್ಟುತ್ತದೆ ಎಂದು ಅವನ ಶೋಧನೆ. ನಾಲ್ಕು ಮಾತಿಗೊಮ್ಮೆ "ನಿಮ್ಮ ಮನಿ ಮಗಾ ಅಂತ ತಿಳಕೊಂಡು ಕೇಳ್ರಿ" ಎನ್ನುತ್ತಿದ್ದ. ಹಿಂದೆ ಎಲ್ಲೋ ಕುಕ್ಕರ್ ಸೀಟಿ ಹೊಡೆಯುತ್ತಿತ್ತು. ಮೂರನೆಯ ಸೀಟಿಗೆ ಡಾಕ್ಟರು ಮಾತು ನಿಲ್ಲಿಸಿ, ಯಾರಿಗೋ "ಗ್ಯಾಸ್ ಬಂದ್ ಮಾಡು" ಎಂದು ಹೇಳಿ, ಮತ್ತೆ ಲೋಕೋದ್ಧಾರಕ್ಕೆ ಹೊರಳಿದ್ದ.

ನಾನು ನಕ್ಕೂ ನಕ್ಕೂ ಸುಸ್ತಾದೆ. ಅದನ್ನು ಗ್ರೂಪಿಗೆ ಹಾಕಿ ಕೆಳಗೆ ಬರೆದೆ: 'ಇದಕ್ಕಿಂತ ಹಸಿ ಸುಳ್ಳು ಇನ್ನೊಂದಿಲ್ಲ. ಅನ್ನ ಬೇಯುವ ಮೊದಲೇ ವೈದ್ಯಶಾಸ್ತ್ರ ಬೇಯಿಸಿ ಇಳಿಸಿದ ಈ ಮಹಾಶಯನ ಮಾತು ಕೇಳಿ ನಗಿರಿ. ಆಮೇಲೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.' ಬರೆದ ಮೇಲೆ ಎರಡು ಸಲ ಓದಿಕೊಂಡೆ. ಗ್ರೂಪಿನ ಮೂವತ್ತು ಚಿಲ್ಲರೆ ಜನಕ್ಕೆ ಮಾತ್ರ ಸಿಗುವುದಕ್ಕೆ ಆ ವಾಕ್ಯ ತೀರಾ ಚೆನ್ನಾಗಿದೆ ಅನ್ನಿಸಿತು. ಆಡಿಯೋವನ್ನೂ ಅದರ ಬೆನ್ನಿಗೆ ನನ್ನ ವಾಕ್ಯವನ್ನೂ ಗೊತ್ತಿದ್ದವರಿಗೆಲ್ಲ ಒಬ್ಬೊಬ್ಬರಿಗೆ ಬೇರೆಯಾಗಿ ಕಳಿಸಿದೆ. ಹೆಬ್ಬೆರಳಿನ ಚಿತ್ರಗಳು ಬಂದವು. ನಗುವ ಮುಖಗಳು ಬಂದವು. ಕಮಲಾಪುರದಿಂದ ಅಕ್ಕ ಕೈಮುಗಿದ ಚಿತ್ರ ಕಳಿಸಿದಳು.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ನಾನು ಹುಟ್ಟಿದಾಗ ಅವಳು ಎರಡನೇ ಇಯತ್ತೆಯಲ್ಲಿದ್ದಳು. ಅವ್ವ ಕೂಲಿಗೆ ಹೋದರೆ ಕೂಸನ್ನು ಹಿಡಿಯುವವರು ಬೇಕಲ್ಲ, ಹಾಗಾಗಿ ಅವಳನ್ನು ಸಾಲಿ ಬಿಡಿಸಿದರು. ಆಮೇಲೆ ಯಾರಿಗೂ ಅವಳನ್ನು ಮತ್ತೆ ಕಳಿಸುವ ನೆನಪಾಗಲಿಲ್ಲ. ಮದುವೆಯಾಗಿ ಕಮಲಾಪುರಕ್ಕೆ ಹೋದಳು. ಭಾವನಿಗೆ ಅಲ್ಲಿ ಸ್ವಲ್ಪ ಕೆಂಪು ಬಾಳೆಯ ತೋಟ. ಹತ್ತು ವರ್ಷದಿಂದ ಅವಳಿಗೆ ಸಕ್ಕರೆ ಕಾಯಿಲೆ. ಅದಕ್ಕೇ ನನಗೆ ಅವಳದೇ ದೊಡ್ಡ ಚಿಂತೆ. ಬಳಗದಲ್ಲಿ ಉಳಿದವರಿಗೆಲ್ಲ ನಾನು ಬುದ್ಧಿ ಹೇಳುತ್ತಿದ್ದದ್ದು ಹಟಕ್ಕೆ, ಅಕ್ಕನಿಗೆ ಮಾತ್ರ ಹೆದರಿಕೆಗೆ. ಕೊರೊನಾ ಬಂದರೆ ಅವಳು ತಡೆದುಕೊಳ್ಳುವವಳಲ್ಲ ಎಂಬುದು ನನಗೆ ಗೊತ್ತಿತ್ತು.

ಶಿಕ್ಷಕರ ಸರದಿಯಲ್ಲಿ ನಾನು ಲಸಿಕೆ ಹಾಕಿಸಿಕೊಂಡೆ. ಅಕ್ಕನಿಗೆ ಫೋನು ಮಾಡಿದರೆ, "ಹಾಕಿಸ್ಕೋತೀನಿ ತಗೋ" ಎನ್ನುವಳು. ಮುಂದಿನ ವಾರ ಕೇಳಿದರೆ ಅಮಾವಾಸ್ಯೆ. ಅದರ ಮುಂದಿನ ವಾರ ಮೊಣಕಾಲು ನೋವು. ಆಮೇಲೆ ಬಾಳೆಗೊನೆ ಕಡಿಯುವುದಿತ್ತು, ಇವಳು ಎಂದೂ ಗೊನೆ ಕಡಿದವಳಲ್ಲ. ಅಷ್ಟರಲ್ಲಿ ಎರಡನೆಯ ಅಲೆ ಬಂತು. ನಮ್ಮ ಓಣಿಯಲ್ಲೇ ಇಬ್ಬರು ಹೋದರು. ಆಂಬುಲೆನ್ಸಿನ ಸದ್ದು ಕೇಳಿದರೆ ಅಕ್ಕನ ನಂಬರು ಒತ್ತುತ್ತಿದ್ದೆ. ಕೊನೆಗೆ ಭಾವನಿಗೆ ಫೋನು ಹಚ್ಚಿ, "ಮಾಮಾ, ಅಕ್ಕಗ ಯಾಕ ಇನ್ನೂ ಸೂಜಿ ಹಾಕಿಸಿಲ್ರಿ?" ಎಂದು ಸಿಟ್ಟಿನಲ್ಲೇ ಕೇಳಿದೆ.

ಅವರು ದನಿ ಇಳಿಸಿದರು. "ನಾ ಹಾಕಿಸ್ಕೊಂಡೀನಿ. ನಿಮ್ಮಕ್ಕ ಒಲ್ಲೆ ಅಂತಾಳ. ನನ್ನ ತಂಗೀನೇ ಬ್ಯಾಡ ಅಂದಾಳ, ಆಕಿಕಿಂತ ನಿಮಗ ಜಾಸ್ತಿ ಗೊತ್ತದ ಏನು ಅಂತಾಳ. ಟೀಚರ್ ಮಾತಿಗಿ ನಾ ಹೆಂಗ ಎದುರಾಡ್ಲಿ?"

ನಾನು ಬೇಡ ಅಂದೆನೇ? ಮರುದಿನ ಬೆಳಿಗ್ಗೆಯೇ ಸ್ಕೂಟಿ ಹತ್ತಿ ಹುಮನಾಬಾದ್ ರಸ್ತೆ ಹಿಡಿದೆ. ಹತ್ತು ಗಂಟೆಯವರೆಗೆ ಮಾತ್ರ ಓಡಾಡಲು ಬಿಡುತ್ತಿದ್ದ ದಿನಗಳು. ದಾರಿಯಲ್ಲಿ ತಡೆದ ಪೊಲೀಸಪ್ಪನಿಗೆ, "ನಮ್ಮಕ್ಕಗ ಲಸಿಕೆ ಹಾಕಿಸ್ಲಾಕ ಹೊಂಟೀನ್ರಿ," ಎಂದೆ. ಅವನು ಮಾಸ್ಕು ಸರಿಮಾಡಿಕೊಂಡು, "ಸೂಜಿ ಹಾಕಿಸ್ಕೊಂಡ್ರ ಏನೂ ಆಗಂಗಿಲ್ಲಲ್ರಿ ಮೇಡಮ್? ಏನೇನೋ ಆಡಿಯೋ ಬರಾಕತ್ಯಾವ," ಎಂದು ಮೆಲ್ಲಗೆ ಕೇಳಿದ. ರಸ್ತೆಯಲ್ಲೇ ನಿಂತು ಅವನಿಗೂ ಹತ್ತು ನಿಮಿಷ ಪಾಠ ಮಾಡಿ ಹೋದೆ.

ಅಕ್ಕನ ಮನೆಯ ಮುಂದೊಂದು ಕಟ್ಟೆ. ಮಧ್ಯಾಹ್ನದ ಕೆಲಸ ಮುಗಿದರೆ ಅಕ್ಕ ಮತ್ತು ಎದುರುಮನೆಯ ಖಾಲಾ ಅದರ ಮೇಲೆ ಕೂತು ಅಕ್ಕನ ಫೋನಿಗೆ ಬಂದದ್ದನ್ನೆಲ್ಲ ಕೇಳುವುದು ಎಷ್ಟೋ ವರ್ಷದ ರೂಢಿ. ಖಾಲಾ ಎಂದರೆ ಚಿಕ್ಕಮ್ಮ; ಬಳೆಯ ಬುಟ್ಟಿ ಹೊತ್ತು ಓಣಿ ಓಣಿ ತಿರುಗುತ್ತಿದ್ದ ಅವಳನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. ಅವಳ ಮಗ ಕಲಬುರಗಿಯಲ್ಲಿ ರೋಜಾ ಬಡಾವಣೆಯ ಹತ್ತಿರ ಅಂಗಡಿ ಇಟ್ಟವನು. ಅವನು ಕಳಿಸುವ ಯಾವುದನ್ನೂ ಖಾಲಾ ನಂಬುತ್ತಿರಲಿಲ್ಲ. 'ಅಂವಗ ಅಂಗಡ್ಯಾಗ ಕೆಲ್ಸಿಲ್ಲ' ಎನ್ನುತ್ತಿದ್ದಳು. ಅವಳು ನಂಬುತ್ತಿದ್ದದ್ದು ಟೀಚರ್ ಬಾಯಿಯನ್ನು, ಅಂದರೆ ನನ್ನನ್ನು.

ನನ್ನನ್ನು ದೂರ ಕೂಡಿಸಿ ಚಹಾ ಕೊಟ್ಟ ಅಕ್ಕ, ನಾನು ರೇಗುವುದನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಫೋನು ತೆಗೆದು ನನ್ನ ಫೋಟೋ ಹುಡುಕಿ ಒತ್ತಿದಳು. ಬೆರಳಿನಿಂದ ಮೇಲಕ್ಕೆ ಮೇಲಕ್ಕೆ ಸರಿಸುತ್ತ ಹೋಗಿ ಒಂದು ಕಡೆ ನಿಲ್ಲಿಸಿದಳು. 'ನಿಮ್ಮ ಮನಿ ಮಗಾ ಅಂತ ತಿಳಕೊಂಡು ಕೇಳ್ರಿ.' ಕುಕ್ಕರಿನ ಮೊದಲ ಸೀಟಿ ಹೊಡೆಯಿತು.

"ಇದು ನೀನೇ ಕಳಿಸಿದ್ದಲ್ಲೇನು?" ಎಂದಳು. "ಪಾಪ, ಮನ್ಯಾಗ ಅಡಗಿ ಬಿಟ್ಟು ನಮ್ಮ ಸಲುವಾಗಿ ಹೇಳ್ಯಾನ. ಖಾಲಾಗ ಕೇಳಿಸಿದೆ, ಓಣಿ ಮಂದಿಗೆಲ್ಲ ಕೇಳಿಸಿದೆ. ನಮ್ಮ ತಂಗಿ ಕಳಸ್ಯಾಳ ಅಂದೆ. ಫೋನಿನ್ಯಾಗ ನೀ ಹಾಕಿಸ್ಕೋ ಅಂದ್ರ, ಸಾಲಿ ನೌಕರಿ ಸಲುವಾಗಿ ಹಂಗ ಅನ್ಲೇಬೇಕಾಗ್ತದ ಅಂದ್ಕೊಂಡೆ."

"ಅಕ್ಕಾ, ಕೆಳಗ ನೋಡು! ಸುಳ್ಳು ಅಂತ ಎಷ್ಟು ದೊಡ್ಡದಾಗಿ ಬರದೀನಿ!"

ಅಕ್ಕ ಫೋನನ್ನು ಕಣ್ಣಿನ ಹತ್ತಿರ ತಂದಳು. ನಾನು ಎರಡು ಸಲ ಓದಿಕೊಂಡು ಹಿಗ್ಗಿದ ವಾಕ್ಯ ಅಲ್ಲಿತ್ತು. ಅವಳು ಅದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡಿದಳು.

"ಇದು ಏನರೇ ಹೆಸರ್ ಗಿಸರ್ ಇರ್ಬೇಕು ಅಂದ್ಕೊಂಡಿದ್ದೆ," ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ನನಗ ಯಾಕ ಬರದು ಕಳಸಿದ್ಯವಾ? ನನಗ ಓದ್ಲಾಕ ಬರಂಗಿಲ್ಲಂತ ನಿನಗ ಗೊತ್ತಿಲ್ಲೇನು?"

ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಳು. ಅವಳಿಗೆ ಓದಲು ಬರುವುದಿಲ್ಲವೆಂಬುದು ಲೋಕದಲ್ಲಿ ಯಾರಿಗಾದರೂ ಗೊತ್ತಿರಬೇಕಾದರೆ ಅದು ನನಗೆ. ನನ್ನನ್ನು ಸೊಂಟದ ಮೇಲೆ ಕೂಡಿಸಿಕೊಳ್ಳಲೆಂದೇ ಅವಳು ಪಾಟಿ ಕೆಳಗಿಟ್ಟವಳು. ಬೇರೆ ದಿನ ಅವಳಿಗೆ ಏನಿದ್ದರೂ ಬಾಯಿಂದಲೇ ಹೇಳಿ ಕಳಿಸುತ್ತಿದ್ದೆ. ಆ ದಿನ ನಾನು ಅಕ್ಕನ ಜೊತೆ ಮಾತಾಡುತ್ತಿರಲಿಲ್ಲ, ಜಗತ್ತಿಗೆ ಬುದ್ಧಿ ಹೇಳುತ್ತಿದ್ದೆ. ನನಗೆ ನಾಚಿಕೆಯಾಯಿತು. ಚಹಾದ ಲೋಟ ಕೆಳಗಿಟ್ಟೆ.

"ಈಗ ಬಾಯಿಲೆ ಹೇಳು, ನಾ ಎಲ್ಲರಿಗೂ ಕೇಳಸ್ತೀನಿ," ಎಂದು ಅಕ್ಕ ಫೋನನ್ನು ನನ್ನ ಮುಂದೆ ಹಿಡಿದಳು. ನಾನು ಗಂಟಲು ಸರಿಮಾಡಿಕೊಂಡು ರೋಗನಿರೋಧಕ ಶಕ್ತಿ, ಪ್ರತಿಕಾಯ ಎಂದು ಶುರುಮಾಡಿದೆ. ಅಕ್ಕ ಅರ್ಧಕ್ಕೇ ನಿಲ್ಲಿಸಿದಳು. "ಇದು ಸಾಲಿ ಪಾಠ ಆತು. ಅಂವ ನೋಡು, ಹೆಂಗ ಮನಿ ಮಂದಿ ಜೋಡಿ ಮಾತಾಡ್ದಂಗ ಹೇಳ್ಯಾನ." ಕಳ್ಳ ಡಾಕ್ಟರನನ್ನು ನೋಡಿ ಕಲಿ ಎಂದು ನನಗೇ ಪಾಠ! ಎರಡನೆಯ ಸಲ, ಮೂರನೆಯ ಸಲ ಹೇಳಿದೆ. ಕೊನೆಗೆ, "ನಾನೂ ಸೂಜಿ ಹಾಕಿಸ್ಕೊಂಡೀನ್ರಿ. ಒಂದು ದಿನ ಮೈ ಬಿಸಿ ಆಗಿತ್ತು, ಮರುದಿನ ರೊಟ್ಟಿ ಬಡದೀನಿ. ಸಕ್ಕರಿ ಇದ್ದವ್ರಿಗೇ ಇದು ಮೊದಲು ಬೇಕು. ಆ ಡಾಕ್ಟರಂದು ಸುಳ್ಳು," ಎಂದೆ. ಅಷ್ಟರಲ್ಲಿ ಒಳಗೆ ಅಕ್ಕನ ಕುಕ್ಕರು ಜೋರಾಗಿ ಸೀಟಿ ಹೊಡೆಯಿತು. ಮತ್ತೊಮ್ಮೆ ಹೇಳಲು ಹೊರಟೆ, ಅಕ್ಕ ಬಿಡಲಿಲ್ಲ. "ಇರ್ಲಿ ಬಿಡು, ಈಗ ಖರೇ ಅನಸ್ತದ," ಎಂದಳು.

ಆ ರಾತ್ರಿ ಅಲ್ಲೇ ಉಳಿದು, ಮರುದಿನ ಅಕ್ಕ ಮತ್ತು ಖಾಲಾ ಇಬ್ಬರನ್ನೂ ಲಸಿಕೆ ಹಾಕುತ್ತಿದ್ದ ಶಾಲೆಗೆ ಕರೆದುಕೊಂಡು ಹೋದೆ. ತಿಂಗಳ ಹಿಂದೆ ಅಲ್ಲಿ ನರ್ಸಮ್ಮ ಬನ್ನಿ ಬನ್ನಿ ಎಂದು ಕರೆದರೂ ಜನ ಇರಲಿಲ್ಲವಂತೆ. ಈಗ ಪಾಳಿ ಗೇಟಿನಾಚೆಗೆ ಬಂದಿತ್ತು. ಬಿಸಿಲಿನಲ್ಲಿ ಖಾಲಾ ಮುಂದೆ, ಅಕ್ಕ ಅವಳ ಹಿಂದೆ. ಪಾಳಿ ಅರ್ಧ ಕರಗಿದಾಗ ಖಾಲಾ ಹಿಂದೆ ತಿರುಗಿ, "ನಿಂಗ ಸಕ್ಕರಿ ಅದ, ನೀ ಮುಂದ ಬಾ," ಎಂದು ಅಕ್ಕನನ್ನು ತನ್ನ ಜಾಗದಲ್ಲಿ ನಿಲ್ಲಿಸಿದಳು. ಅಕ್ಕ ಮುಖ ಆ ಕಡೆ ತಿರುಗಿಸಿ, ನನ್ನ ಕೈ ಹಿಚುಕಿ ಹಿಡಿದು ಸೂಜಿ ಹಾಕಿಸಿಕೊಂಡಳು. ಅವಳ ನಂತರ ನರ್ಸಮ್ಮ ಡಬ್ಬಿ ಮುಚ್ಚಿ, ಇವತ್ತಿನದು ಮುಗಿಯಿತು, ಗುರುವಾರ ಬನ್ನಿ ಎಂದಳು.

ಖಾಲಾಗೆ ಬುಧವಾರ ಜ್ವರ ಬಂತು. ಮೂರು ದಿನಕ್ಕೆ ಉಸಿರು ಹತ್ತತೊಡಗಿತು. ಮಗ ಬಂದು ಕಲಬುರಗಿಯ ಆಸ್ಪತ್ರೆಗೆ ಸೇರಿಸಿದ. ಅವಳು ಅಲ್ಲಿದ್ದಷ್ಟು ದಿನ ನಾನು ಗ್ರೂಪಿನಲ್ಲಿ ಒಂದಕ್ಷರ ಬರೆಯಲಿಲ್ಲ. ಬೆಳ್ಳುಳ್ಳಿಯವರು ಆರಾಮಾಗಿ ರಾಜ್ಯವಾಳಿದರು. ಖಾಲಾ ಬದುಕಿ ಬಂದಳು, ಮೂರು ತಿಂಗಳ ಮೇಲೆ ಸೂಜಿಯನ್ನೂ ಹಾಕಿಸಿಕೊಂಡಳು, ಆದರೆ ಆ ಮೊದಲಿನ ಉಸಿರು ಬರಲಿಲ್ಲ. ಬುಟ್ಟಿ ಹೊತ್ತು ತಿರುಗುವುದು ನಿಂತೇಹೋಯಿತು. ಈಗ ಹೊಸ್ತಿಲಲ್ಲಿ ಬಳೆ ಹರಡಿಕೊಂಡು ಕೂಡುತ್ತಾಳೆ. ಬೇಕಾದವರು ಅಲ್ಲಿಗೇ ಹೋಗುತ್ತಾರೆ.

ಓಣಿಯ ಮಂದಿಗೆ ಅಕ್ಕ ಏನು ಹೇಳಿದ್ದಳೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. 'ಮೊದ್ಲ ಬಂದಿದ್ದ ಔಷಧ ಬ್ಯಾರೆ ಇತ್ತು, ಅದು ಸರಿ ಇದ್ದಿಲ್ಲ. ಈಗ ಹೊಸಾದು ಬಂದದ. ಅದಕ್ಕ ನಮ್ಮ ತಂಗಿ ಆವಾಗ ಬ್ಯಾಡ ಅಂದಳು, ಈಗ ಬೇಕು ಅಂದಾಳ.' ಹಾಗೇನೂ ಇರಲಿಲ್ಲ. ಔಷಧ ಅದೇ ಇತ್ತು. ಆದರೆ ಓದಲು ಬಾರದವಳಿಗೆ ತಂಗಿ ಬರೆದು ಕಳಿಸಿದಳೆಂದು ಅಕ್ಕ ನಾಲ್ಕು ಜನರ ಮುಂದೆ ಹೇಗೆ ಹೇಳಿಯಾಳು? ಆ ಸುಳ್ಳು ನನ್ನ ಸೋದರಮಾವನ ಅರಿಷಿಣಕ್ಕಿಂತ ನೂರು ಪಾಲು ದೊಡ್ಡದು. ಕೇಳಿಯೂ ನಾನು ಸುಮ್ಮನಿದ್ದೆ.

ಕಳೆದ ತಿಂಗಳು ಕಮಲಾಪುರಕ್ಕೆ ಹೋಗಿದ್ದೆ. ಹೊಸದಾಗಿ ಬಂದ ಆರೋಗ್ಯ ಕಾರ್ಯಕರ್ತೆಯೊಬ್ಬಳು ಮನೆಮನೆ ತಿರುಗುತ್ತಿದ್ದಳು. ಖಾಲಾಳ ಉಸಿರಿನ ಸದ್ದು ಕೇಳಿ, "ಖಾಲಾ, ಆವಾಗ ಸೂಜಿ ತಗೊಂಡಿದ್ದಿಲ್ಲೇನ್ರಿ?" ಎಂದಳು.

ಖಾಲಾ ಕೆಮ್ಮು ನಿಲ್ಲುವವರೆಗೆ ತಡೆದು, ಕಟ್ಟೆಯ ಮೇಲೆ ಅಕ್ಕನ ಪಕ್ಕ ಕೂತಿದ್ದ ನನ್ನ ಕಡೆ ಹೆಮ್ಮೆಯಿಂದ ಕೈ ತೋರಿಸಿದಳು. "ನಮ್ಮ ಟೀಚರ್ ಬಾಯಿ ಇದಾರಲ್ಲ, ಅವ್ರು ಬ್ಯಾಡ ಅಂದಾಗ ತಗೊಂಡಿಲ್ಲ, ಬೇಕು ಅಂದ ಮ್ಯಾಲ ತಗೊಂಡೀನಿ. ಅವ್ರ ಮಾತು ಒಂದ್ ದಿನಾ ಭೀ ಮೀರಿಲ್ಲ ನಾ."

ಆ ಹುಡುಗಿ ನನ್ನ ಕಡೆ ನೋಡಿದಳು. ಅಕ್ಕ ತಲೆ ತಗ್ಗಿಸಿ ಸೀರೆಯ ಸೆರಗು ಸರಿಮಾಡಿಕೊಳ್ಳತೊಡಗಿದಳು. ಇಡೀ ಬಳಗವನ್ನು ತಿದ್ದಿದವಳು ನಾನು. ಎದ್ದು ಖಾಲಾಳ ಹೊಸ್ತಿಲಿಗೆ ಹೋಗಿ, ಒಂದು ಡಜನ್ ಹಸಿರು ಬಳೆ ಕೊಡು ಎಂದು ಕೈ ಚಾಚಿದೆ.